ಮಧ್ಯಾಹ್ನದ ದೆವ್ವ ಯಾವುದು?

ಪ್ರಶ್ನೆ: ನಡುಮಧ್ಯಾಹ್ನ ಒಬ್ಬಳೇ ತೋಟಕ್ಕೆ ಹೋಗಬೇಡ, ಆ ಹೊತ್ತಿಗೆ ಸಂಚಾರ ಇರುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಮೊನ್ನೆ ಗೆಳತಿಯ ಜೊತೆ ಇಗರ್ಜಿಗೆ ಹೋದಾಗ, ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳೂ ಮಧ್ಯಾಹ್ನದ ದೆವ್ವದ ಜೊತೆ ಹೋರಾಡಿದರು ಅಂತ ಪ್ರವಚನದಲ್ಲಿ ಕೇಳಿದೆ. ಅವೂ ನಮ್ಮ ಭೂತಗಳ ಹಾಗೆಯೇನಾ?
— ಓದುಗರೊಬ್ಬರು, ಪೆರ್ಲ, ಕಾಸರಗೋಡು

ಉತ್ತರ: ಅಲ್ಲ. ನಮ್ಮ ಕಡೆ ಭೂತ ಅಂದರೆ ದೈವ. ಕೋಲ ಕೊಡುತ್ತೇವೆ, ಕಷ್ಟ ಹೇಳಿಕೊಳ್ಳುತ್ತೇವೆ, ಅದರ ನುಡಿ ಕೇಳುತ್ತೇವೆ. ಅದು ಕಾಯುತ್ತದೆ, ತಪ್ಪಿದರೆ ಗದರುತ್ತದೆ. ಮರುಭೂಮಿಯವರ ದೆವ್ವಕ್ಕೆ ಇರುವುದು ಒಂದೇ ಕೆಲಸ, ಮನುಷ್ಯನನ್ನು ದೇವರಿಂದ ದೂರ ಮಾಡುವುದು. ಎರಡನ್ನೂ ಬೆರೆಸಿದರೆ ಎರಡು ಕಡೆಯವರಿಗೂ ಅನ್ಯಾಯ ಅಲ್ವಾ?

ಈ ಹೋರಾಟದ ಕಥೆಯಲ್ಲಿ ಮೊದಲು ನೆನಪಾಗುವುದು ಈಜಿಪ್ಟಿನ ಸಂತ ಅಂತೋನಿ. (ಪಾದುವಾದ ಸಂತ ಅಂತೋನಿ ಬೇರೆ, ಅವರು ಬಂದದ್ದು ಸುಮಾರು 900 ವರ್ಷ ಆದ ಮೇಲೆ.) ಮೊದಲು ಊರಾಚೆಯ ಗೋರಿಯೊಂದರಲ್ಲಿ, ಆಮೇಲೆ ಪಾಳುಬಿದ್ದ ಕೋಟೆಯಲ್ಲಿ ಸುಮಾರು 20 ವರ್ಷ ಒಬ್ಬರೇ ಇದ್ದರು. ದೆವ್ವಗಳು ಸಿಂಹ, ಹಾವು, ಚೇಳಾಗಿ ಬಂದವು ಅಂತ ಅವರ ಜೀವನಕಥೆ ಬರೆದ ಬಿಷಪ್ ಅಥನಾಸಿಯಸ್ ಹೇಳಿದ್ದಾರೆ. ಜನ ನೆನಪಿಡುವುದು ಇದನ್ನೇ. ನನಗೆ ಜಾಸ್ತಿ ಹತ್ತಿರ ಅನ್ನಿಸುವವರು ಅಂತೋನಿಯವರ ನಂತರ ಬಂದ, 399ರಲ್ಲಿ ತೀರಿಕೊಂಡ ಮರುಭೂಮಿಯ ಸನ್ಯಾಸಿ ಎವಾಗ್ರಿಯಸ್.

ಒಂಟಿಯಾಗಿ ಇರುವವನ ಹತ್ತಿರ ದೆವ್ವ ಹೆಚ್ಚಾಗಿ ಬರುವುದು ಯೋಚನೆಯಾಗಿ ಅಂತ ಅವರು ಹೇಳಿದರು. ಅಂಥ ಯೋಚನೆ ಎಂಟು: ತಿನ್ನುವ ಚಪಲ, ಕಾಮ, ಹಣದಾಸೆ, ದುಃಖ, ಸಿಟ್ಟು, ಬೇಸರ, ಹೆಸರಿನ ಆಸೆ, ಗರ್ವ. ಇದರಲ್ಲಿ ಬೇಸರವೇ ನೀವು ಕೇಳಿದ ಮಧ್ಯಾಹ್ನದ ದೆವ್ವ. ಹತ್ತು ಗಂಟೆಗೆ ಬಂದರೆ ಎರಡರವರೆಗೂ ಬಿಡುವುದಿಲ್ಲ. ಸೂರ್ಯ ಕದಲುವುದೇ ಇಲ್ಲ, ಹಗಲು 50 ಗಂಟೆ ಉದ್ದ ಅನ್ನಿಸುತ್ತದೆ. ಸನ್ಯಾಸಿ ಸುಮ್ನೆ ಕಿಟಕಿ ಕಡೆ ನೋಡುತ್ತಾನೆ, ಈ ಜಾಗ ಬೇಡ, ಈ ಕೆಲಸ ಬೇಡ, ಇಲ್ಲಿ ಯಾರಿಗೂ ನನ್ನ ಮೇಲೆ ಪ್ರೀತಿಯಿಲ್ಲ, ಬೇರೆ ಕಡೆ ಹೋದರೆ ಸುಲಭವಾಗಿ ಬದುಕಬಹುದು ಅಂತ ಮನಸ್ಸು ಹೇಳುತ್ತಲೇ ಇರುತ್ತದೆ. ಅಡಿಕೆ ಸುಲಿಯುತ್ತಾ ಕೂತು, ನಾನೂ ಗಲ್ಫಿಗೆ ಹೋಗಿದ್ದರೆ ಅಂದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿ ಹೇಳಿದ್ದು, ಅದು ಹೊರಗಿದೆ, ನೀನು ಹೋಗಬೇಡ ಅಂತ. ಇದು ಒಳಗೆ ಕೂತವನ ಹತ್ತಿರವೇ ಬಂದು ಹೊರಗೆ ನಡಿ ಅನ್ನುತ್ತದೆ. ಆದರೆ ಎವಾಗ್ರಿಯಸ್ ಹೇಳಿದ್ದೂ ಅಜ್ಜಿಯ ಮಾತನ್ನೇ: ಕೋಣೆ ಬಿಟ್ಟು ಹೋಗಬೇಡ. ದೆವ್ವದ ಮಾತಿಗೆ ಬೈಬಲ್ಲಿನ ಮಾತಿನಿಂದಲೇ ಉತ್ತರ ಕೊಡಲು ಅವರು 500ರ ಹತ್ತಿರ ವಚನಗಳನ್ನು ಸೇರಿಸಿಟ್ಟರು.

ಅಂತೋನಿಯವರಿಗೂ ಒಮ್ಮೆ ಇದೇ ಬೇಸರ ಬಂದು, ಏನು ಮಾಡಲಿ ಅಂತ ದೇವರನ್ನು ಕೇಳಿದರಂತೆ. ಹೊರಗೆ ಬಂದು ನೋಡಿದರೆ ಅವರ ಹಾಗೆಯೇ ಇದ್ದ ಒಬ್ಬ ಕೂತು ಹಗ್ಗ ಹೆಣೆಯುತ್ತಿದ್ದ. ಎದ್ದು ಪ್ರಾರ್ಥಿಸಿದ. ಮತ್ತೆ ಕೂತು ಹೆಣೆದ, ನಮ್ಮಲ್ಲಿ ಮಡಲು ಹೆಣೆಯುವ ಹಾಗೆ. ಅವನು ದೇವದೂತ. ಹೀಗೆ ಮಾಡು ಅಂದ.