ಎರಡು ವರ್ಷ ಆಗಲಿ ಅಂತ ಕಾಯಬೇಡಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಈಗಷ್ಟೇ ಬಂದಿದ್ದೀವಿ, ಮಗನಿಗೆ 22 ತಿಂಗಳು, ಒಂದು ಮಾತೂ ಇಲ್ಲ, ಹೆಸರು ಹಿಡಿದು ಕೂಗಿದರೂ ತಿರುಗಲ್ಲ, ಡಾಕ್ಟರು ‘ಎರಡು ವರ್ಷ ಆಗಲಿ, ನೋಡೋಣ’ ಅಂದರು, ಏನು ಮಾಡಲಿ ಅಂತ ಕೇಳಿದ್ದೀರಿ. ಡಾಕ್ಟರು ಬೇಕಾದರೆ ಕಾಯಲಿ ಬಿಡಿ, ನೀವು ಈ ವಾರವೇ ಸರ್ಕಾರದ ಅರ್ಲಿ ಸ್ಟಾರ್ಟ್ ಕಾರ್ಯಕ್ರಮಕ್ಕೆ ಫೋನ್ ಮಾಡಿ.

ಇದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ. ನಮ್ಮವರಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ವಿಷಯ ಇದೇ. ಹುಟ್ಟಿದಾಗಿನಿಂದ ಮೂರು ವರ್ಷದವರೆಗಿನ, ಬೆಳವಣಿಗೆ ತಡವಾಗುತ್ತಿರುವ ಮಕ್ಕಳ ನೆರವಿಗೆ ಅಂತಲೇ ಅಮೆರಿಕದಲ್ಲಿ 1986ರಿಂದ ಒಂದು ಫೆಡರಲ್ ಕಾನೂನಿದೆ. ಈಗ ಅದನ್ನು ಐಡಿಇಎ ಪಾರ್ಟ್ ಸಿ ಅಂತಾರೆ. ಕ್ಯಾಲಿಫೋರ್ನಿಯಾದಲ್ಲಿ ಆ ಕಾರ್ಯಕ್ರಮದ ಹೆಸರು ಅರ್ಲಿ ಸ್ಟಾರ್ಟ್. ಹೆಚ್ಚಾಗಿ ನಡೆಸುವುದು ಬೆಳವಣಿಗೆಯ ತೊಂದರೆ ಇರುವವರಿಗೆ ನೆರವಾಗುವ ರೀಜನಲ್ ಸೆಂಟರ್‌ಗಳು, ರಾಜ್ಯದಲ್ಲಿ ಒಟ್ಟು 21 ಇವೆ. ನಿಮ್ಮ ಸಾಂತಾ ಕ್ಲಾರಾ ಕೌಂಟಿಗೆ ಸ್ಯಾನ್ ಆಂಡ್ರಿಯಾಸ್ ರೀಜನಲ್ ಸೆಂಟರ್. ‘ಮಗು ಮಾತಾಡುತ್ತಿಲ್ಲ, ಇವ್ಯಾಲ್ಯುಯೇಷನ್ ಬೇಕು’ ಅಂದರೆ ಸಾಕು. ಅದನ್ನೇ ಈಮೇಲ್‌ನಲ್ಲೂ ಹಾಕಿ. ಅಲ್ಲಿಂದ 45 ದಿನದೊಳಗೆ ಮಗುವನ್ನು ನೋಡಿ, ಯಾವ ನೆರವು ಬೇಕು ಅಂತ ಪ್ಲಾನ್ ಮಾಡುವ ಮೀಟಿಂಗ್ ಕರೆಯಬೇಕು ಅಂತ ನಿಯಮ. ತಾರೀಖು ಬರಹದಲ್ಲಿದ್ದರೆ ವಿಚಾರಿಸುವುದು ಸುಲಭ. ಇವ್ಯಾಲ್ಯುಯೇಷನ್‌ಗೆ ದುಡ್ಡಿಲ್ಲ. ಎಚ್-1ಬಿ ಕೆಲಸದ ವೀಸಾದಲ್ಲಿದ್ದೀವಿ ಅಂತ ಹಿಂಜರಿಯಬೇಡಿ, ಮಗು ಅಮೆರಿಕದಲ್ಲೇ ಹುಟ್ಟಿರಬೇಕು ಅಂತಲೂ ಇಲ್ಲ.

ಪ್ಲಾನ್‌ಗೆ ಐಎಫ್‌ಎಸ್‌ಪಿ ಅಂತಾರೆ. ಅದರಲ್ಲಿ ಬರೆದದ್ದಕ್ಕೆಲ್ಲ ಒಪ್ಪಲೇಬೇಕು ಅಂತಿಲ್ಲ. ಸ್ಪೀಚ್ ಥೆರಪಿ ಬೇಕು, ಇನ್ನೊಂದು ಸದ್ಯಕ್ಕೆ ಬೇಡ ಅನ್ನಬಹುದು.

ಆದಷ್ಟೂ ಥೆರಪಿಸ್ಟೇ ಮನೆಗೆ ಬರುತ್ತಾರೆ. ಬಂದವರು ಮಗುವನ್ನು ಕೂರಿಸಿ ಪಾಠ ಹೇಳುತ್ತಾರೆ ಅಂದುಕೊಂಡಿದ್ದರೆ ಅಲ್ಲ. ನಮ್ಮ ಮಗಳಿಗೆ ಬರುತ್ತಿದ್ದವರು ನೆಲದ ಮೇಲೆ ಕಾಲು ಚಾಚಿ ಕೂತು ಸೋಪಿನ ಗುಳ್ಳೆ ಊದುತ್ತಿದ್ದರು. ಎರಡು ಸಲ ಊದಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಬಾಟಲಿಯನ್ನು ಅವಳ ಕೈಗೆ ಕೊಟ್ಟು ಸುಮ್ನೆ ಕೂರುತ್ತಿದ್ದರು. ತೆಗೆಯಲು ಆಗದೆ ಅವಳು ಬಾಟಲಿಯನ್ನು ಅವರ ಮಡಿಲಿಗೆ ತುರುಕಿ ಮುಖ ನೋಡಬೇಕು. ನೋಡಿದ ತಕ್ಷಣ ‘ಓಪನ್’ ಅಂತ ಹೇಳಿ ಊದುವುದು. ಹೋಗುವಾಗ ನನಗೆ ಹೇಳಿದ್ದು, ವಾರಪೂರ್ತಿ ಇದನ್ನೇ ನೀವು ಮಾಡಿ ಅಂತ. ನಾನು ಚಕ್ಕುಲಿ ಡಬ್ಬ ಹಿಡಿದೆ. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬಾರದು. ಅವಳು ಕೈ ತೋರಿಸುವವರೆಗೆ ಕಾಯಬೇಕು, ಅಷ್ಟೇ. ಅಷ್ಟೇ ಅಂದೆ, ಮಗು ಕೇಳುವ ಮುಂಚೆಯೇ ಬಾಯಿಗಿಟ್ಟು ಅಭ್ಯಾಸ ಇರುವ ಅಮ್ಮಂದಿರಿಗೆ ಆ ಐದು ಸೆಕೆಂಡ್ ಎಷ್ಟು ಕಷ್ಟ ಗೊತ್ತಾ? ವಾರಕ್ಕೊಂದು ಗಂಟೆ ಬರುವವರಿಂದ ಎಷ್ಟಾಗುತ್ತೆ ಹೇಳಿ, ಉಳಿದ ಹೊತ್ತೆಲ್ಲ ಮಗು ನಿಮ್ಮ ಹತ್ತಿರವೇ ಇರುತ್ತೆ ಅಲ್ವಾ?

ಯಾರಾದರೂ ‘ಮನೇಲಿ ಇಂಗ್ಲಿಷ್ ಮಾತ್ರ ಮಾತಾಡಿ’ ಅಂದರೆ ಕೇಳಬೇಡಿ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುವುದಿಲ್ಲ. ಕನ್ನಡದಲ್ಲೇ ಹಾಡಿ, ಬೈಯಿರಿ, ಮುದ್ದು ಮಾಡಿ.

ಕಿವಿ ಪರೀಕ್ಷೆ ಇದರ ಜೊತೆಗೇ ಆಗಲಿ, ಆಡಿಯಾಲಜಿಸ್ಟ್ ಹತ್ತಿರ. ಹುಟ್ಟಿದಾಗ ಪಾಸಾಗಿದ್ದರೂ ಇನ್ನೊಮ್ಮೆ ಆಗಬೇಕು, ಹೆಸರಿಗೆ ತಿರುಗಲ್ಲ ಅಂತ ನೀವೇ ಬರೆದಿದ್ದೀರಲ್ಲ. ಅಪ್ಪ-ಅಮ್ಮ ತುಂಬುವ ಆಟಿಸಂ ಪ್ರಶ್ನೆಪಟ್ಟಿ, ಎಂ-ಚಾಟ್, ಕೊಡಿ ಅಂತ ಡಾಕ್ಟರನ್ನು ಕೇಳಿ. ಇಲ್ಲಿ ಮಕ್ಕಳ ಡಾಕ್ಟರುಗಳ ಸಂಘವೇ 18 ಮತ್ತು 24 ತಿಂಗಳಿಗೆ ಆಟಿಸಂ ಸ್ಕ್ರೀನಿಂಗ್ ಮಾಡಿ ಅನ್ನುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ಬೇರೆಲ್ಲೋ ತೋರಿಸಿದ್ದರೆ ಆ ರಿಪೋರ್ಟ್ ತೆಗೆದಿಡಿ, ಇಲ್ಲಿಯವರು ಓದುತ್ತಾರೆ.

ಆತುರ ಯಾಕೆ ಅಂದರೆ, ಮೂರನೇ ಹುಟ್ಟುಹಬ್ಬಕ್ಕೆ ಅರ್ಲಿ ಸ್ಟಾರ್ಟ್ ಮುಗಿಯುತ್ತೆ. ಆಮೇಲೆ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವವರು. ಅವರ ಲೆಕ್ಕವೇ ಬೇರೆ, ಹೊಸದಾಗಿ ಇವ್ಯಾಲ್ಯುಯೇಷನ್, ಐಇಪಿ ಅನ್ನುವ ಇನ್ನೊಂದು ಪ್ಲಾನ್. ಅದರ ಮಾತುಕತೆ ಹುಟ್ಟುಹಬ್ಬಕ್ಕೆ 90 ದಿನ ಮುಂಚೆಯೇ ಆಗಬೇಕು. ನಿಮ್ಮ ಕೈಯಲ್ಲಿ ಉಳಿದಿರುವುದು 14 ತಿಂಗಳು. ಪ್ರಾಜೆಕ್ಟ್ ಬದಲಾಗಿ ಟೆಕ್ಸಾಸ್‌ಗೋ ನ್ಯೂಜೆರ್ಸಿಗೋ ಹೋದರೆ ಅಲ್ಲಿ ಅರ್ಹತೆಯ ನಿಯಮವೂ ಬೇರೆ, ಫೈಲ್ ಕೈಲಿರಲಿ.

‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಅಂತ ಅತ್ತೆ ಅಂತಾರೆ ಅಂದಿರಿ. ವಾದ ಮಾಡಬೇಡಿ. ಮೊದಲ ಮೀಟಿಂಗ್‌ಗೆ ಅವರನ್ನೂ ಕೂರಿಸಿ, ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಮುಂಚೆಯೇ ಕೇಳಿ. ಹಗಲೆಲ್ಲ ಮಗು ಅವರ ಹತ್ತಿರ ತಾನೇ ಇರುವುದು, ಗುಳ್ಳೆ ಬಾಟಲಿಯ ಕೆಲಸ ಅವರಿಗೇ ಜಾಸ್ತಿ ಬರುತ್ತೆ.