ಹಬ್ಬದ ಎಣ್ಣೆನೀರು, ಬಾಗಿಲು ಮುಚ್ಚಿದ ಬಚ್ಚಲು

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮಾನ್ಯ ವೈದ್ಯರಿಗೆ ನಮಸ್ಕಾರಗಳು. ದೀಪಾವಳಿಗೆಂದು ಬೆಂಗಳೂರಿನಿಂದ ಮೈದುನನ ಸಂಸಾರ, ಗಂಡನ ಮನೆಯಿಂದ ನಾದಿನಿ, ಎಲ್ಲರೂ ನಮ್ಮ ಮನೆಗೆ ಬಂದಿದ್ದರು. ನರಕ ಚತುರ್ದಶಿಯ ಬೆಳಗಿನ ಜಾವ ಅತ್ತೆಯವರು ಎಲ್ಲರಿಗೂ ಎಣ್ಣೆ ಹಚ್ಚಿ, ಆರತಿ ಎತ್ತಿ, ಒಬ್ಬರಾದ ಮೇಲೆ ಒಬ್ಬರನ್ನು ಸ್ನಾನಕ್ಕೆ ಕಳುಹಿಸಿದರು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆ. ಸಿಲಿಂಡರ್ ಮಾತ್ರ ಹಿತ್ತಿಲಲ್ಲಿದೆ. ಚಳಿಗಾಳಿ ಬರುತ್ತದೆಂದು ಗವಾಕ್ಷಿಗೆ ರಟ್ಟು ಸಿಕ್ಕಿಸಿದ್ದೆವು. ನಾಲ್ಕನೆಯವಳಾಗಿ ಹೋದ ಮೈದುನನ ಮಗಳು, ಹದಿನಾಲ್ಕು ವರ್ಷದವಳು, ಎಷ್ಟು ಹೊತ್ತಾದರೂ ಹೊರಬರಲಿಲ್ಲ, ಕರೆದರೂ ಓಗೊಡಲಿಲ್ಲ. ಚಿಲಕ ಮುರಿದು ನೋಡಿದಾಗ ನೆಲದ ಮೇಲೆ ಬಿದ್ದಿದ್ದಳು, ಕೈಕಾಲು ಅದುರುತ್ತಿದ್ದವು. ಅತ್ತೆಯವರು ಮೂರ್ಛೆ ಎಂದು ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು. ಜಗಲಿಗೆ ತಂದು ಮಲಗಿಸಿದ ಮೇಲೆ ನಿಧಾನವಾಗಿ ಕಣ್ಣು ಬಿಟ್ಟಳು. ಸಮೀಪದ ಕ್ಲಿನಿಕ್ಕಿನಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ, 99 ಇದೆ, ಖಾಲಿ ಹೊಟ್ಟೆಯಲ್ಲಿ ಎಣ್ಣೆನೀರು ಹಾಕಿಕೊಂಡಿದ್ದರಿಂದ ತಲೆ ಸುತ್ತಿರಬೇಕು ಎಂದು ಹೇಳಿ ಕಳುಹಿಸಿದರು. ಅವಳಿಗಿಂತ ಮುಂಚೆ ಸ್ನಾನ ಮಾಡಿದ ನಾದಿನಿ ಐದು ತಿಂಗಳ ಗರ್ಭಿಣಿ. ಅವಳಿಗೂ ದಿನವಿಡೀ ತಲೆನೋವು, ವಾಂತಿ. ಈಗ ಎರಡು ವಾರ ಕಳೆದಿದೆ. ಮಗು ನಾಲ್ಕೈದು ದಿನಗಳಿಂದ ಹೇಳಿದ್ದನ್ನು ಮರೆಯುತ್ತಿದ್ದಾಳೆ, ಶಾಲೆಯಲ್ಲಿ ಸುಲಭವಾದ ಲೆಕ್ಕವೂ ಬರುತ್ತಿಲ್ಲವಂತೆ. ಇದು ಮೂರ್ಛೆರೋಗವೇ? ಗ್ಯಾಸ್ ಸೋರಿದ ವಾಸನೆ ನಮಗೆ ಯಾರಿಗೂ ಬಂದಿರಲಿಲ್ಲ.
– ಹಾಸನ ಜಿಲ್ಲೆಯ ಗೃಹಿಣಿ, ಹೆಸರು ಬೇಡ

ಉತ್ತರ: ತಾಯಿ, ಮೊದಲು ಮಾಡಬೇಕಾದ ಎರಡು ಕೆಲಸಗಳನ್ನು ಹೇಳಿಬಿಡುತ್ತೇನೆ, ಕಾರಣವನ್ನು ಆಮೇಲೆ ವಿವರಿಸುತ್ತೇನೆ. ಮಗುವನ್ನು ತಡಮಾಡದೆ, ಸಾಧ್ಯವಾದರೆ ನಾಳೆಯೇ, ನರರೋಗ ತಜ್ಞರಿಗೆ ತೋರಿಸಿ; ನಿಮ್ಮ ನಾದಿನಿಯವರು ಅದೇ ದಿನ ತಮ್ಮ ಪ್ರಸೂತಿ ವೈದ್ಯರನ್ನು ಕಾಣಲಿ. ಇಬ್ಬರೂ ಅಲ್ಲಿ ಹೇಳಬೇಕಾದ ಮಾತು ಒಂದೇ: "ಗ್ಯಾಸ್ ಗೀಸರ್ ಇರುವ, ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಸ್ನಾನ ಮಾಡುವಾಗ ಹೀಗಾಯಿತು." ಈ ಒಂದು ಮಾತನ್ನು ಹೇಳದೆ ಹೋದರೆ ರೋಗ ಪತ್ತೆಯಾಗುವುದೇ ಕಷ್ಟ.

ಪತ್ರವನ್ನು ಓದಿ ಖಚಿತವಾಗಿ ರೋಗ ನಿರ್ಣಯ ಮಾಡುವುದು ಸರಿಯಲ್ಲ. ಆದರೂ ನೀವು ಬರೆದ ವಿವರಗಳೆಲ್ಲ ಕಾರ್ಬನ್ ಮೊನಾಕ್ಸೈಡ್ ವಿಷಪ್ರಾಶನದ ಕಡೆಗೇ ಬೆರಳು ತೋರಿಸುತ್ತವೆ. ಬಚ್ಚಲಿನಲ್ಲಿ ಹೀಗೆ ಪ್ರಜ್ಞೆ ತಪ್ಪಿ, ಕೈಕಾಲು ಅದುರಿ, ಮೂರ್ಛೆರೋಗವೆಂದು ತಪ್ಪಾಗಿ ಭಾವಿಸಲಾದ ಪ್ರಕರಣಗಳನ್ನು ನಮ್ಮ ದೇಶದ ನರರೋಗ ತಜ್ಞರು ದಾಖಲಿಸಿದ್ದು, ಅದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರೂ ಬಂದಿದೆ. ಹಿಂದೆಂದೂ ಫಿಟ್ಸ್ ಬಾರದ ಮಗುವಿಗೆ ಬಚ್ಚಲಿನಲ್ಲಿ ಮಾತ್ರ ಬಂತು, ಅದೇ ಬೆಳಿಗ್ಗೆ ಅದೇ ಬಚ್ಚಲಿಗೆ ಹೋಗಿಬಂದ ಮತ್ತೊಬ್ಬರಿಗೆ ತಲೆನೋವು ವಾಂತಿಯಾಯಿತು ಎಂದಾಗ, ಕಾರಣವನ್ನು ಆ ಕೋಣೆಯ ಗಾಳಿಯಲ್ಲಿ ಹುಡುಕಬೇಕಾಗುತ್ತದೆ.

ವಾಸನೆ ಬರಲಿಲ್ಲ ಎಂದಿದ್ದೀರಿ, ಬರುವುದೂ ಇಲ್ಲ. ಅಡುಗೆ ಅನಿಲ ಸೋರಿದರೆ ನಮಗೆ ತಿಳಿಯಲಿ ಎಂದು ಅದಕ್ಕೆ ದುರ್ವಾಸನೆಯ ರಾಸಾಯನಿಕವನ್ನು ಬೆರೆಸಿರುತ್ತಾರೆ. ನಿಮ್ಮ ಬಚ್ಚಲಿನಲ್ಲಿ ಅನಿಲ ಸೋರಲಿಲ್ಲ, ಉರಿಯಿತು. ಆದರೆ ಸಾಕಷ್ಟು ಗಾಳಿಯಿಲ್ಲದೆ ಅರೆಬರೆಯಾಗಿ ಉರಿಯಿತು. ಹಾಗೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗಿಗೆ ಉರಿಯೂ ಇಲ್ಲ. ಸಿಲಿಂಡರನ್ನು ಹಿತ್ತಿಲಲ್ಲಿ ಇಟ್ಟಿದ್ದು ಸೋರಿಕೆಯ ಅಪಾಯಕ್ಕೆ ಒಳ್ಳೆಯ ಮುನ್ನೆಚ್ಚರಿಕೆಯೇ, ಆದರೆ ಈ ಅಪಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆಂಕಿ ಎಲ್ಲಿ ಉರಿಯುತ್ತದೆಯೋ ಅಲ್ಲಿ ವಿಷ ಹುಟ್ಟುತ್ತದೆ.

ಒಂದು ಅಂದಾಜು ಲೆಕ್ಕ ನೋಡಿ. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಸುಮಾರು 6,800 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ಗಂಟೆಗೆ ಸುಮಾರು 1 ಕಿಲೋ ಅನಿಲವನ್ನು ಉರಿಸುತ್ತದೆ, ಅಷ್ಟು ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 12,000 ಲೀಟರ್ ಗಾಳಿ ಬೇಕು. ಅಂದರೆ ಹೊರಗಿನ ಗಾಳಿ ಒಳಬರದಿದ್ದರೆ, ಹತ್ತೇ ನಿಮಿಷದ ನೀರಿಗೆ 2,000 ಲೀಟರ್ ಗಾಳಿಯ ಆಮ್ಲಜನಕ ಖರ್ಚಾಗುತ್ತದೆ. ಆಮ್ಲಜನಕ ಕಡಿಮೆಯಾದಂತೆಲ್ಲ ಉರಿ ಕೆಡುತ್ತಾ ಬರುತ್ತದೆ, ವಿಷ ಹೆಚ್ಚುತ್ತಾ ಹೋಗುತ್ತದೆ. ಮಾಮೂಲಿ ದಿನಗಳಲ್ಲಿ ಒಬ್ಬರು ಸ್ನಾನ ಮುಗಿಸಿ ಹೊರಬಂದ ಮೇಲೆ ಬಾಗಿಲು ತೆರೆದೇ ಇರುತ್ತದೆ, ಮುಂದಿನವರು ಹೋಗುವಷ್ಟರಲ್ಲಿ ಗಾಳಿ ಬದಲಾಗಿರುತ್ತದೆ. ಹಬ್ಬದ ಬೆಳಿಗ್ಗೆ ಹಾಗಲ್ಲ. ಸೂರ್ಯೋದಯಕ್ಕೆ ಮುಂಚೆ ಎಲ್ಲರದೂ ಆಗಬೇಕು, ಒಬ್ಬರು ಬಂದ ತಕ್ಷಣ ಇನ್ನೊಬ್ಬರು ಒಳಹೋಗಬೇಕು. ನಾಲ್ಕನೆಯವಳಾದ ಆ ಮಗು ಹಿಂದಿನ ಮೂವರು ಬಿಟ್ಟುಹೋದ ಕೆಟ್ಟ ಗಾಳಿಯೊಳಗೆ ಕಾಲಿಟ್ಟಿರಬೇಕು. ಅದರ ಮೇಲೆ, ಉದ್ದ ಕೂದಲಿಗೆ ಹಚ್ಚಿದ ಹರಳೆಣ್ಣೆಯನ್ನು ಸೀಗೆಪುಡಿ ಹಾಕಿ ಬಿಡಿಸುವುದಕ್ಕೆ ಎಷ್ಟು ಹೊತ್ತು ಬೇಕೆಂದು ಮನೆಯ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಈ ಹಬ್ಬದ ಸ್ನಾನದ ವಿಷಯದಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಇನ್ನೊಂದಿದೆ. ಕಾರ್ಬನ್ ಮೊನಾಕ್ಸೈಡ್ ದೇಹಕ್ಕೆ ಸೇರಿದಾಗ ಮೊದಲು ಕಾಣುವ ಲಕ್ಷಣಗಳು ತಲೆಭಾರ, ತಲೆಸುತ್ತು, ಹೊಟ್ಟೆ ತೊಳಸುವುದು, ಕಾಲು ಸೋಲುವುದು ಮತ್ತು ಮಂಪರು. ಎಣ್ಣೆನೀರು ಹಾಕಿಕೊಂಡವರಿಗೆ ಸಹಜವಾಗಿ ಆಗುತ್ತದೆಂದು ನಾವು ತಲೆತಲಾಂತರದಿಂದ ನಂಬಿಕೊಂಡು ಬಂದಿರುವುದೂ ಬಹುಮಟ್ಟಿಗೆ ಇವನ್ನೇ. ಅಭ್ಯಂಜನದ ಮೇಲೆ ನಿದ್ದೆ ಬರಬೇಕು, ಆಗಲೇ ಅದು ಮೈಗೆ ಹಿಡಿದಂತೆ ಎನ್ನುವ ಹಿರಿಯರಿದ್ದಾರೆ. ಖಾಲಿ ಹೊಟ್ಟೆಯ ತಲೆಸುತ್ತನ್ನು ಪಿತ್ತ ಎನ್ನುತ್ತೇವೆ, ಗರ್ಭಿಣಿಯ ವಾಂತಿಯನ್ನು ಬಸುರಿನ ವಾಂತಿ ಎನ್ನುತ್ತೇವೆ. ಹೀಗೆ ಪ್ರತಿಯೊಂದು ಎಚ್ಚರಿಕೆಗೂ ಮನೆಯಲ್ಲಿ ಆಗಲೇ ಒಂದು ಒಪ್ಪಿತವಾದ ಕಾರಣ ಸಿದ್ಧವಾಗಿರುವುದರಿಂದ, ಮೊದಲು ಸ್ನಾನ ಮಾಡಿದವರ ತಲೆನೋವು ನಾಲ್ಕನೆಯವಳನ್ನು ಕಾಪಾಡಲಿಲ್ಲ. ಅತ್ತೆಯವರನ್ನು ಇದಕ್ಕಾಗಿ ಯಾರೂ ದೂರಬೇಡಿ. ಅವರ ಕಾಲದ ಬಚ್ಚಲಿನಲ್ಲಿ ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು, ಹೆಂಚಿನ ಸಂದುಗಳಲ್ಲಿ ಹೊಗೆ ಹೊರಹೋಗುತ್ತಿತ್ತು, ಹೊಗೆ ಹೆಚ್ಚಾದರೆ ಕಣ್ಣುರಿದು ಜನರೇ ಹೊರಗೆ ಬರುತ್ತಿದ್ದರು. ಆ ಹೊಗೆಯಲ್ಲೂ ಇದೇ ವಿಷವಿತ್ತು. ಆದರೆ ಅದು ತನ್ನ ಇರವನ್ನು ಕಣ್ಣು ಮೂಗಿಗೆ ತಿಳಿಸುತ್ತಿತ್ತು. ಮೇಲೆ ಕಾಂಕ್ರೀಟು, ಸುತ್ತ ಟೈಲ್ಸು, ಗವಾಕ್ಷಿಗೆ ರಟ್ಟು ಇರುವ ಈಗಿನ ಬಚ್ಚಲಿನಲ್ಲಿ ಆ ಹಳೆಯ ಅನುಭವ ನೆರವಿಗೆ ಬರುವುದಿಲ್ಲ.

ಆಕ್ಸಿಮೀಟರ್ 99 ತೋರಿಸಿದ್ದರಿಂದ ನಿಮಗೆ ಧೈರ್ಯ ಬಂದಿದ್ದು ಸಹಜ. ಆದರೆ ಈ ಒಂದು ವಿಷದ ಮುಂದೆ ಆ ಉಪಕರಣ ಮೋಸಹೋಗುತ್ತದೆ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬೆರಳಿನ ಮೂಲಕ ಬೆಳಕು ಹಾಯಿಸಿ ಅಳೆಯುವ ಸಾಮಾನ್ಯ ಆಕ್ಸಿಮೀಟರಿಗೆ ಹಾಗೆ ವಿಷ ಅಂಟಿದ ಹಿಮೋಗ್ಲೋಬಿನ್ ಕೂಡ ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್‌ನಂತೆಯೇ ಕಾಣುತ್ತದೆ. ಇದನ್ನು ಪತ್ತೆಹಚ್ಚಲು ರಕ್ತದಲ್ಲಿನ ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಹೀಗೆ ವಿಷ ಅಂಟಿದ ಹಿಮೋಗ್ಲೋಬಿನ್, ಪ್ರಮಾಣವನ್ನೇ ಅಳೆಯಬೇಕು, ಅದೂ ಘಟನೆಯಾದ ಕೆಲವೇ ಗಂಟೆಗಳೊಳಗೆ. ಬರಿಯ ಗಾಳಿಯನ್ನು ಉಸಿರಾಡುತ್ತಿದ್ದರೆ ರಕ್ತದಲ್ಲಿನ ಈ ವಿಷ ಅರ್ಧದಷ್ಟಾಗಲು ಸುಮಾರು 4ರಿಂದ 5 ಗಂಟೆ ಬೇಕು. ಮಾಸ್ಕಿನ ಮೂಲಕ ಪೂರ್ಣ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಅಂದು ಬೆಳಿಗ್ಗೆ ಮಗುವಿಗೆ ಸಿಗಬೇಕಾಗಿದ್ದ ಮುಖ್ಯ ಚಿಕಿತ್ಸೆ ಅದೇ ಆಗಿತ್ತು. ಈಗ ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿಯಾಗಿಯೇ ಬರುತ್ತದೆ, ಅದನ್ನು ನೋಡಿ ಸುಮ್ಮನಾಗಬೇಡಿ.

ಮರೆವಿನ ವಿಷಯ ನಿರ್ಲಕ್ಷಿಸುವಂಥದ್ದಲ್ಲ. ವಿಷದಿಂದ ಪೂರ್ತಿ ಚೇತರಿಸಿಕೊಂಡಂತೆ ಕಂಡವರಲ್ಲಿಯೂ ಕೆಲವರಿಗೆ ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ಏಕಾಗ್ರತೆ ಕುಂದುವುದು, ಸ್ವಭಾವ ಬದಲಾಗುವುದು, ನಡಿಗೆ ತಡವರಿಸುವುದು ಶುರುವಾಗಬಹುದು. ತಜ್ಞರು ಪರೀಕ್ಷಿಸಿ, ಬೇಕೆನಿಸಿದರೆ ಮಿದುಳಿನ ಎಂಆರ್‌ಐ ಮಾಡಿಸುತ್ತಾರೆ. ಹೀಗಾದವರಲ್ಲಿ ಹೆಚ್ಚಿನವರು ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ಅಲ್ಲಿಯವರೆಗೆ ಓದಿನಲ್ಲಿ ಹಿಂದೆ ಬಿದ್ದಳೆಂದು ಮಗುವನ್ನು ಗದರಬೇಡಿ, ಶಾಲೆಯ ಶಿಕ್ಷಕರಿಗೂ ವಿಷಯ ತಿಳಿಸಿ. ಇನ್ನು ನಾದಿನಿಯವರ ಮಾತು: ಗರ್ಭದಲ್ಲಿರುವ ಶಿಶುವಿನ ರಕ್ತದಿಂದ ಈ ವಿಷ ತಾಯಿಯ ರಕ್ತದಿಂದ ಹೋದುದಕ್ಕಿಂತ ಬಹಳ ನಿಧಾನವಾಗಿ ಹೋಗುತ್ತದೆ. ತಾಯಿ ಈಗ ಆರೋಗ್ಯವಾಗಿದ್ದಾರೆ ಎಂಬುದು ಶಿಶುವಿನ ಬಗ್ಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ, ಸ್ಕ್ಯಾನ್ ಮಾಡಿಸಿ ಬೆಳವಣಿಗೆಯನ್ನು ನೋಡಿಸಬೇಕು.

ಗೀಸರನ್ನು ಮತ್ತೆ ಬಳಸಬೇಕೆಂದರೆ ಅದನ್ನು ಬಚ್ಚಲಿನಿಂದ ಹೊರತೆಗೆದು, ಮಳೆ ಬೀಳದ ತೆರೆದ ಜಾಗದಲ್ಲಿ, ಹಿತ್ತಿಲ ಗೋಡೆಗೆ ಹಾಕಿಸಿ, ಬಿಸಿನೀರನ್ನು ಕೊಳವೆಯಲ್ಲಿ ಒಳಗೆ ತನ್ನಿ. ಪ್ಲಂಬರನ ಒಂದು ದಿನದ ಕೆಲಸ ಇದು. ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಬಾಗಿಲ ಕೆಳಗೆ ಹೊಸ ಗಾಳಿ ಬರಲು ದಾರಿಯೇ ಇಲ್ಲದಿದ್ದರೆ ಫ್ಯಾನ್ ತಿರುಗಿದರೂ ಪ್ರಯೋಜನ ಅಷ್ಟಕ್ಕಷ್ಟೆ, ಕರೆಂಟು ಹೋದರೆ ಅದೂ ಇಲ್ಲ. ಜ್ವಾಲೆ ಹಳದಿಯಾದರೆ, ಮಸಿ ಕಟ್ಟಿದರೆ ಗೀಸರ್ ಕೆಟ್ಟಿದೆ ಎಂದು ಅರ್ಥ, ಆದರೆ ನೀಲಿ ಜ್ವಾಲೆಯನ್ನು ನೋಡಿ ಅಪಾಯವಿಲ್ಲ ಎಂದುಕೊಳ್ಳುವಂತಿಲ್ಲ.

ಪ್ರಶ್ನೆ: ನನ್ನ ಮಗಳು ಬಾಣಂತಿ. ಬಚ್ಚಲಿನ ಬಾಗಿಲು ಹಾಕಿ, ಹಬೆ ಕಟ್ಟುವಂತೆ ಮಾಡಿ ತಾಯಿ ಮಗುವಿಗೆ ನೀರು ಹಾಕುವುದು ನಮ್ಮ ಪದ್ಧತಿ. ನಮ್ಮಲ್ಲಿಯೂ ಗ್ಯಾಸ್ ಗೀಸರ್ ಒಳಗೇ ಇದೆ. ಹೊರಗೆ ಹಾಕಿಸುವವರೆಗೆ ಏನು ಮಾಡಲಿ? ಯಾರಾದರೂ ಬಿದ್ದರೆ ಏನು ಮಾಡಬೇಕು?
– ಶಿವಮೊಗ್ಗದ ಓದುಗರು

ಉತ್ತರ: ನೀರನ್ನು ಅಡುಗೆಮನೆಯಲ್ಲಿ ಕಿಟಕಿ ತೆರೆದು ಕಾಯಿಸಿ ತನ್ನಿ, ಹಿತ್ತಿಲಲ್ಲಿ ಹಂಡೆ ಒಲೆ ಇದ್ದರೆ ಅದೂ ಆಗಬಹುದು. ಅದು ಆಗದಿದ್ದರೆ, ಬಾಗಿಲು ಗವಾಕ್ಷಿ ಎರಡನ್ನೂ ತೆರೆದಿಟ್ಟು ಬೇಕಾದಷ್ಟು ನೀರನ್ನು ಕಡಾಯಿ ಬಕೆಟ್ಟುಗಳಿಗೆ ತುಂಬಿಸಿ, ಗೀಸರ್ ಆರಿಸಿ, ಹತ್ತು ಹದಿನೈದು ನಿಮಿಷ ಗಾಳಿಯಾಡಲು ಬಿಟ್ಟು, ಆಮೇಲೆ ತಾಯಿ ಮಗುವನ್ನು ಒಳಗೆ ಕರೆದುಕೊಂಡು ಹೋಗಿ. ಬಾಣಂತಿಗೆ ಥಂಡಿ ಹಿಡಿಯುತ್ತದೆ ಎಂಬ ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಗವಾಕ್ಷಿ ಮಾತ್ರ ತೆರೆದೇ ಇರಲಿ. ಬಾಣಂತಿಯ ಕೋಣೆಯಲ್ಲಿ ಇಡುವ ಇದ್ದಿಲ ಅಗ್ಗಿಷ್ಟಿಕೆಗೂ ಇದೇ ಮಾತು ಅನ್ವಯಿಸುತ್ತದೆ. ಹೊಗೆಯಿಲ್ಲದ ಕೆಂಡವೂ ಇದೇ ವಿಷವನ್ನು ಬಿಡುತ್ತದೆ, ಅದನ್ನು ಇಟ್ಟುಕೊಂಡು ಬಾಗಿಲು ಹಾಕಿ ಮಲಗಲೇಬಾರದು.

ಒಳಗಿನಿಂದ ಚಿಲಕ ಹಾಕದಂತೆ ಮನೆಯವರಿಗೆಲ್ಲ ಹೇಳಿ. ಯಾರಾದರೂ ಬಿದ್ದರೆ ಬಾಗಿಲು ತೆರೆದು, ಉಸಿರು ಬಿಗಿಹಿಡಿದು ಅವರನ್ನು ಬಯಲಿಗೆ ಎಳೆದು ತನ್ನಿ. ಅಲ್ಲೇ ಕೂತು ಉಪಚರಿಸಲು ಹೋದವರೂ ಬೀಳುತ್ತಾರೆ. ಇನ್ನೊಬ್ಬರು ಹೊರಗಿನಿಂದಲೇ ಅನಿಲದ ವಾಲ್ವ್ ಮುಚ್ಚಲಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು, ಕಾಫಿ ಹಾಕಬೇಡಿ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಉಸಿರಾಡದಿದ್ದರೆ ಎದೆಯ ನಡುವೆ ಒತ್ತಲು ಶುರುಮಾಡಿ, 108ಕ್ಕೆ ಕರೆ ಮಾಡಿ. ಎಚ್ಚರವಾದರೂ ಅವರನ್ನು ಆಮ್ಲಜನಕ ಕೊಡುವ ವ್ಯವಸ್ಥೆ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ, ಅವರ ಹಿಂದೆ ಮುಂದೆ ಅದೇ ಬಚ್ಚಲಿನಲ್ಲಿ ಸ್ನಾನ ಮಾಡಿದವರೆಲ್ಲರನ್ನೂ ಜೊತೆಯಲ್ಲೇ ಪರೀಕ್ಷೆ ಮಾಡಿಸಿ.