ಸರೋಜಾದೇವಿ ಯಾರ ಕಡೆಯವರು?

ಪ್ರಶ್ನೆ: ನಮ್ಮೂರ ಟೀ ಅಂಗಡಿಯಲ್ಲಿ ನಟಿ ಬಿ. ಸರೋಜಾದೇವಿ ಹೆಸರು ಬಂದರೆ ಸಾಕು, ವಾದ ಶುರು. ತಮಿಳು ಗೆಳೆಯರು ‘ಅವರು ನಮ್ಮವರು, ಕನ್ನಡ ಬಿಟ್ಟು ಬಂದವರು’ ಅಂತಾರೆ. ಏನು ಉತ್ತರ ಕೊಡೋದು ಸರ್?
– ಓದುಗರೊಬ್ಬರು, ತಾಳವಾಡಿ

ಉತ್ತರ: 1961 ಅಂತ ಒಂದು ಇಸವಿ ಹೇಳಿ, ಸಾಕು. ಆ ವರ್ಷ ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’, ತಮಿಳಿನಲ್ಲಿ ಶಿವಾಜಿ ಗಣೇಶನ್ ಜೊತೆ ‘ಪಾಲುಂ ಪಳಮುಂ’, ತೆಲುಗಿನಲ್ಲಿ ಎನ್.ಟಿ.ಆರ್. ಜೊತೆ ‘ಜಗದೇಕವೀರುನಿ ಕಥ’, ಹಿಂದಿಯಲ್ಲಿ ರಾಜೇಂದ್ರ ಕುಮಾರ್ ಜೊತೆ ‘ಸಸುರಾಲ್’ ಬಂದವು. ನಾಲ್ಕೂ ಒಂದೇ ವರ್ಷದ್ದು, ಆಗ ಅವರಿಗಿನ್ನೂ 23. ಇದರಲ್ಲಿ ಬಿಟ್ಟು ಹೋಗಿದ್ದು ಎಲ್ಲಿ?

ಮದ್ರಾಸಿಗೆ ಹೋದರು, ನಿಜ. ಆದರೆ ಆಗ ಕನ್ನಡ ಸಿನಿಮಾನೇ ಜಾಸ್ತಿ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗ್ತಿತ್ತಲ್ವಾ? ನಿರ್ದೇಶಕ ಬಿ.ಆರ್. ಪಂತುಲು ಅವರನ್ನೇ ನೋಡಿ. 1957ರಲ್ಲಿ ತಮಿಳಿನ ‘ತಂಗಮಲೈ ರಹಸ್ಯಂ’ ಚಿತ್ರದಲ್ಲಿ ಈಕೆಗೆ ಒಂದು ನೃತ್ಯ ಕೊಟ್ಟವರು ಅವರೇ, ಮರುವರ್ಷ ಕನ್ನಡದ ‘ಸ್ಕೂಲ್ ಮಾಸ್ಟರ್’ನಲ್ಲಿ ಪಾತ್ರ ಕೊಟ್ಟವರೂ ಅವರೇ, ಚೆನ್ನಮ್ಮನ ಕೈಗೆ ಕತ್ತಿ ಕೊಟ್ಟವರೂ ಅವರೇ. 1955ರ ‘ಮಹಾಕವಿ ಕಾಳಿದಾಸ’ದಲ್ಲಿ ಹೊನ್ನಪ್ಪ ಭಾಗವತರು ಪರಿಚಯಿಸಿದ ಹುಡುಗಿ ಮೂರೇ ವರ್ಷದಲ್ಲಿ ಎಂ.ಜಿ.ಆರ್. ಅವರ ‘ನಾಡೋಡಿ ಮನ್ನನ್’ಗೆ ನಾಯಕಿ. ಆ ಚಿತ್ರವನ್ನು ಒಮ್ಮೆ ನೋಡಿ. ಬಹುಪಾಲು ಕಪ್ಪು ಬಿಳುಪು, ಕೊನೆಯ ಭಾಗ ಮಾತ್ರ ಬಣ್ಣದ್ದು. ಸರೋಜಾದೇವಿ ಬರೋದು ಆ ಬಣ್ಣದ ಭಾಗದಲ್ಲಿ. ಅಷ್ಟು ಹೊತ್ತು ಕಾಯಿಸಿ, ಹೀಗೆ ತೆರೆಗೆ ತಂದರೆ ಯಾವ ಊರಿನ ಪ್ರೇಕ್ಷಕ ತಾನೇ ಮರೆಯುತ್ತಾನೆ!

ತಮಿಳರು ಅವರನ್ನು ಪ್ರೀತಿಯಿಂದ ಕರೆದದ್ದು ‘ಕನ್ನಡತ್ತು ಪೈಂಗಿಳಿ’ ಅಂತ, ಅಂದರೆ ಕನ್ನಡದ ಹಸಿರು ಗಿಳಿ. ಈ ಹೆಸರು ನಿಮ್ಮ ಗೆಳೆಯರಿಗೂ ಗೊತ್ತಿರುತ್ತೆ, ಕೇಳಿ ನೋಡಿ.

ಇನ್ನೊಂದು ವಿಷಯ. ನಿಮ್ಮ ತಾಳವಾಡಿ ಪಕ್ಕದಲ್ಲೇ ಡಾ. ರಾಜ್‌ಕುಮಾರ್ ಅವರ ಗಾಜನೂರು ಇದೆ. ಅದು ಇರೋದು ಈರೋಡು ಜಿಲ್ಲೆಯಲ್ಲಿ. ತಮಿಳುನಾಡಿನ ನಕ್ಷೆಯೊಳಗಿನ ಊರಿನವರು ಬದುಕಿಡೀ ಹೆಚ್ಚು ಕಮ್ಮಿ ಕನ್ನಡದಲ್ಲೇ ನಟಿಸಿದರು, ಚನ್ನಪಟ್ಟಣ ತಾಲ್ಲೂಕಿನ ದಶವಾರ ಮೂಲದ ಹೆಣ್ಣುಮಗಳು ತಮಿಳುನಾಡಿನ ಮನೆಮನೆಯ ಹೆಸರಾದರು. ಚೆನ್ನಮ್ಮನ ಪತಿ ಮಲ್ಲಸರ್ಜನಾಗಿ ನಿಂತವರು ಇದೇ ರಾಜ್‌ಕುಮಾರ್! ‘ಬಭ್ರುವಾಹನ’, ‘ಭಾಗ್ಯವಂತರು’ (ಎರಡೂ 1977) ಚಿತ್ರಗಳಲ್ಲೂ ಇಬ್ಬರೂ ಜೊತೆಗಿದ್ದರು. ಗಡಿಯಲ್ಲಿರೋ ನಿಮಗೆ ಇಬ್ಬರ ಮೇಲೂ ಪೂರ್ತಿ ಹಕ್ಕಿದೆ. ನಿಮ್ಮ ತಮಿಳು ಗೆಳೆಯರಿಗೂ ಇದೆ, ಅದನ್ನೂ ಒಪ್ಪಿಕೊಳ್ಳಿ.

ಪ್ರಶ್ನೆ: ಮಗಳಿಗೆ ನಾಟಕದ ಹುಚ್ಚು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಮಲಯಾಳ. ಉಚ್ಚಾರ ಬೆರಕೆ ಆಗುತ್ತೆ ಅಂತ ಕೆಲವರು ಹೆದರಿಸ್ತಾರೆ.
– ಒಬ್ಬ ತಾಯಿ, ಕಾಸರಗೋಡು

ಉತ್ತರ: ಹೆದರಬೇಡಿ ಅಮ್ಮ. ಸರೋಜಾದೇವಿಯವರ ತಮಿಳಿನಲ್ಲಿ ಕನ್ನಡದ ರಾಗ ಕೊನೆಯವರೆಗೂ ಇತ್ತು. ಅದನ್ನು ಮುಚ್ಚಿಡಲಿಲ್ಲ. ‘ಪುದಿಯ ಪರವೈ’ (1964) ಚಿತ್ರದಲ್ಲಿ ಅವರು ‘ಗೋಪಾಲ್’ ಅಂತ ಎಳೆದು ಕರೆಯೋ ರೀತಿಯನ್ನು ಮಿಮಿಕ್ರಿ ಕಲಾವಿದರು ಇವತ್ತಿಗೂ ಬಿಟ್ಟಿಲ್ಲ. ಬೇರೆಯವರ ದನಿ ಹಾಕಿದ್ದರೆ ಆ ‘ಗೋಪಾಲ್’ ನಮಗೆ ಸಿಗ್ತಾನೇ ಇರಲಿಲ್ಲ. ಮೂರು ಭಾಷೆ ಕಿವಿಗೆ ಬಿದ್ದು ಬೆಳೆದ ಮಗು ನಾಲ್ಕನೆಯದನ್ನು ಬೇಗ ಹಿಡಿಯುತ್ತೆ. ಒಂದೇ ಸಂಭಾಷಣೆಯನ್ನು ಮೂರೂ ಭಾಷೆಯಲ್ಲಿ ಜೋರಾಗಿ ಹೇಳಿಸಿ. ಯಾವುದರಲ್ಲಿ ಅಳು ಸಲೀಸಾಗಿ ಬರುತ್ತೆ, ಯಾವುದರಲ್ಲಿ ಸಿಟ್ಟು ಬರುತ್ತೆ ಅಂತ ಅವಳಿಗೇ ತಿಳಿಯುತ್ತೆ. ಸುಮ್ನೆ ಯಾರೋ ಹೇಳಿದರು ಅಂತ ತುಳು ಬಿಡಿಸಬೇಡಿ.

ಪ್ರಶ್ನೆ: ಸರೋಜಾದೇವಿಯವರ ಚಿತ್ರ ಒಂದೂ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ?
– ಕಾಲೇಜು ವಿದ್ಯಾರ್ಥಿನಿ, ಹೊಸೂರು

ಉತ್ತರ: ಮೊದಲು ‘ಕಿತ್ತೂರು ಚೆನ್ನಮ್ಮ’. ಆಮೇಲೆ ಶ್ರೀಧರ್ ನಿರ್ದೇಶನದ ‘ಕಲ್ಯಾಣ ಪರಿಸು’ (1959), ಹೊಸೂರಿನವರಿಗೆ ತಮಿಳು ಕಷ್ಟ ಆಗಲ್ಲ ಬಿಡಿ. ಮೂರನೆಯದು ‘ಅಮರಶಿಲ್ಪಿ ಜಕಣಾಚಾರಿ’ (1964), ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಆ ಕಾಲದ ಟೆಂಟ್ ಸಿನಿಮಾ ಕಥೆಗಳೂ ಸಿಗ್ತವೆ.